ಕೆಸರುಕೊಕ್ಕು

ವ್ಯಾನಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಗೆರೆ ಎಳೆದಿರಲಿಲ್ಲ. ಆದರೂ ಕನ್ನಡಕದಂಗಡಿಯ ದೊಡ್ಡಾಕೆ ಡ್ರೈವರನ ಪಕ್ಕದ ಸೀಟು ಬಿಟ್ಟು ಬೇರೆಲ್ಲೂ ಕೂತವಳಲ್ಲ. ಬೇಕರಿಯ ಚಿಕ್ಕಾಕೆ ಕಟ್ಟಕಡೆಯ ಸೀಟು ಬಿಟ್ಟು ಮುಂದಕ್ಕೆ ಬಂದವಳಲ್ಲ. ಅವಳ ಒಂದು ಕಡೆ ಸ್ಟೆಪ್ನಿ ಟೈರು, ಇನ್ನೊಂದು ಕಡೆ ಸರಿಯಾಗಿ ಮುಚ್ಚದ ಕಿಟಕಿ. ಉಳಿದವರೆಲ್ಲ ನಡುವೆ, ಅವರಿಬ್ಬರ ಮಧ್ಯೆ ಪೇರಿಸಿಟ್ಟ ಮೂಟೆಗಳ ಹಾಗೆ.

ಇಬ್ಬರೂ ವಾರಗಿತ್ತಿಯರು. ಅಣ್ಣನ ಹೆಂಡತಿ ದೊಡ್ಡಾಕೆ, ತಮ್ಮನ ಹೆಂಡತಿ ಚಿಕ್ಕಾಕೆ. ಒಂದೇ ಮನೆಗೆ ಸೊಸೆಯಾಗಿ ಬಂದವರು, ಒಂದೇ ಒಲೆಯ ಮುಂದೆ ಕಣ್ಣು ಉರಿಸಿಕೊಂಡವರು. ಅತ್ತೆ ಕಣ್ಣು ಮುಚ್ಚಿದ ಮೇಲೆ ಮನೆಯ ನಡುವೆ ಗೋಡೆ ಎದ್ದಿತು. ಆ ಗೋಡೆ ಹಜಾರದ ಫ್ಯಾನಿನ ಕೆಳಗೇ ಬಂದು ನಿಂತಿತು. ಫ್ಯಾನು ನಮಗೆ ಸೇರಬೇಕು, ನಮಗೆ ಸೇರಬೇಕು ಎಂದು ಎರಡೂ ಕಡೆಯವರು ಹಟ ಹಿಡಿದು, ಕಡೆಗೆ ಅದು ಗೋಡೆಯ ತಲೆಯ ಮೇಲೆ ಯಾರಿಗೂ ಗಾಳಿ ಬೀಸದೆ ತುಕ್ಕು ಹಿಡಿಯಿತು. ಅಣ್ಣತಮ್ಮಂದಿರು ಆಚೀಚೆ ಕೆಮ್ಮುವುದರಲ್ಲೇ ಒಬ್ಬರ ಯೋಗಕ್ಷೇಮ ಒಬ್ಬರು ತಿಳಿದುಕೊಳ್ಳುತ್ತಿದ್ದರು. ಹೆಂಗಸರಿಬ್ಬರಿಗೆ ಅಷ್ಟೂ ಇರಲಿಲ್ಲ. ಒಬ್ಬಳು ಬಟ್ಟೆ ಒಣಹಾಕಲು ಮಹಡಿ ಹತ್ತಿದರೆ ಇನ್ನೊಬ್ಬಳು ಅರ್ಧ ಮೆಟ್ಟಿಲಿನಲ್ಲೇ ಇಳಿದುಬಿಡುವಳು.

ಆದರೆ ಚಳಿ ಕಳೆದು ಬಿಸಿಲು ಬಲಿಯುವ ಮುಂಚಿನ ಆ ಕೆಲವು ದಿನಗಳಲ್ಲಿ, ಹಕ್ಕಿ ನೋಡುವವರ ಗುಂಪು ಕಡಲ ದಂಡೆಗೆ ಹೊರಟಾಗ, ಇಬ್ಬರೂ ಒಂದೇ ವ್ಯಾನು ಹತ್ತಲೇಬೇಕು. ಅತ್ತೆಯೇ ಮುಂದೆ ನಿಂತು ಕಟ್ಟಿದ ಗುಂಪು ಅದು. ಮನೆಯ ಮೇಲಿನ ಕಿಟಕಿಯಲ್ಲಿ ಕೂತು, ದುರ್ಬೀನು ಹಿಡಿದು, ಆಕಾಶದಲ್ಲಿ ಸಾಲುಗಟ್ಟಿ ಹೋಗುವ ಹಕ್ಕಿಗಳನ್ನು ಸೊಸೆಯರಿಗೆ ತೋರಿಸಿ ಕಲಿಸಿದವಳು ಅವಳು. ಅತ್ತೆ ಹೋದ ಮೇಲೆ ಆ ದುರ್ಬೀನನ್ನು ದೊಡ್ಡಾಕೆ ಎತ್ತಿಕೊಂಡಳು. ಕಣ್ಣಿನ ವ್ಯಾಪಾರ ನಮ್ಮದು, ಅದು ನಮಗೇ ಸೇರಬೇಕು ಅಂದಳಂತೆ. ಹಾಸಿಗೆ ಹಿಡಿದ ಅತ್ತೆಯ ಬೆನ್ನು ತೊಳೆದು, ಮಗ್ಗುಲು ಬದಲಿಸಿ, ಕಡೆಯವರೆಗೂ ನೋಡಿಕೊಂಡ ಚಿಕ್ಕಾಕೆಗೆ ಸಿಕ್ಕಿದ್ದು ಅತ್ತೆಯ ಬಿಸಿನೀರಿನ ಚೀಲ. ಅವಳು ತನ್ನದೊಂದು ಅಗ್ಗದ ದುರ್ಬೀನು ಕೊಂಡಳು. ಅದರ ಎಡಗಣ್ಣು ಸ್ವಲ್ಪ ಮಂಜು.

ಆ ಬೆಳಗ್ಗೆ ವ್ಯಾನು ಊರು ದಾಟುವ ಮೊದಲೇ ಮುಂದಿನ ಸೀಟಿನಿಂದ ಮಾತು ಬಂತು.

"ಅಂಚೆಯಣ್ಣಾ, ಹಿಂದೆ ಕೂತವರಿಗೆ ಕಿಟಕಿ ಮುಚ್ಚೋಕೆ ಹೇಳಿ. ಗಾಳಿ ಜತೆ ಹಿಟ್ಟಿನ ಹುಳಿ ವಾಸನೆ ಬರ್ತಿದೆ."

ಅಂಚೆಯಣ್ಣ ಎಂದರೆ ನಿವೃತ್ತ ಪೋಸ್ಟ್‌ಮ್ಯಾನ್, ಅತ್ತೆಯ ಕಾಲದಿಂದ ಗುಂಪಿನ ಹಿರಿಯ. ನಡುವಿನ ಸೀಟಿನಲ್ಲಿ ಕೂತಿದ್ದ ಅವನು ಬಾಯಿ ತೆರೆಯುವ ಮುನ್ನವೇ ಚಿಕ್ಕಾಕೆ ಉತ್ತರ ಕೊಟ್ಟಳು.

"ಮುಂದೆ ಕೂತವರಿಗೆ ಹೇಳಿ, ಆ ಹಿಟ್ಟಿನ ಬ್ರೆಡ್ಡನ್ನೇ ಅವರ ಯಜಮಾನರು ದಿನಾ ಸಂಜೆ ಹಿಂದಿನ ಬಾಗಿಲಲ್ಲಿ ಬಂದು ತಗೊಂಡು ಹೋಗೋದು."

ವ್ಯಾನಿನಲ್ಲಿ ಯಾರೋ ಕಿಸಕ್ಕೆಂದರು. ಅಂಚೆಯಣ್ಣ ಎರಡೂ ಕೈ ಎತ್ತಿದ. "ಇಷ್ಟು ವರ್ಷ ಊರವರ ಕಾಗದ ಹೊತ್ತೆ. ಈಗ ನಿಮ್ಮಿಬ್ಬರ ಬೈಗುಳ ಹೊರ್ತಿದೀನಿ. ಇದಕ್ಕೆ ಪಿಂಚಣಿನೂ ಇಲ್ಲ."

ಎಲ್ಲರೂ ನಕ್ಕರು. ಚಿಕ್ಕಾಕೆ ನಗಲಿಲ್ಲ. ಅವಳು ಈ ಸಲ ಬಂದದ್ದು ಬೇರೆ ಕೆಲಸಕ್ಕೆ.

ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಸಂಜೆ ವಾಪಸು ಬರುವಾಗ ದಾರಿಯ ಚಹಾದಂಗಡಿಯಲ್ಲಿ ಎಲ್ಲರೂ ಸುತ್ತ ಕೂರಬೇಕು. ಒಬ್ಬೊಬ್ಬರೂ ತಾವು ಕಂಡ ಹಕ್ಕಿಯ ಹೆಸರು ಹೇಳಬೇಕು. ಹೇಳಿದ ಮೇಲೆ ಇನ್ನೊಬ್ಬರು ಯಾರಾದರೂ "ನಾನೂ ಕಂಡೆ" ಅನ್ನಬೇಕು. ಅಂದರೆ ಆ ಹಕ್ಕಿ ಬಂದಂತೆ. ಯಾರೂ ಅನ್ನದಿದ್ದರೆ ಅದು ಒಂಟಿಕಣ್ಣಿನ ಹಕ್ಕಿ, ಬರಲೇ ಇಲ್ಲ ಅಂದುಕೊಳ್ಳಬೇಕು. ಫೋಟೊ ಹಿಡಿಯುವ ಹಾಗಿಲ್ಲ. ಪೆಟ್ಟಿಗೆಗೆ ಹಕ್ಕಿ ಸಿಕ್ಕಿದರೆ ಮನುಷ್ಯರಿಗೆ ಒಬ್ಬರ ಮಾತು ಒಬ್ಬರಿಗೆ ಬೇಡವಾಗುತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ಅವಳು ಮಾಡಿಟ್ಟದ್ದನ್ನು ಮುರಿಯಲು ಯಾರಿಗೂ ಮನಸ್ಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಇದೇ ದಂಡೆಯಲ್ಲಿ, ನದಿ ಕಡಲು ಸೇರುವ ಕೆಸರುಬಯಲಿನಲ್ಲಿ, ಚಿಕ್ಕಾಕೆ ಚಮಚದ ಹಕ್ಕಿ ಕಂಡಿದ್ದಳು. ಗುಬ್ಬಿಗಿಂತ ಅಷ್ಟಿಷ್ಟು ದೊಡ್ಡದು, ಕೆಸರಿನಲ್ಲಿ ಓಡಾಡುವ ಕಿರುಗೊರವಗಳ ಹಾಗೇ ಬೂದು ಬೆನ್ನು, ಬಿಳಿ ಹೊಟ್ಟೆ. ಆದರೆ ಕೊಕ್ಕಿನ ತುದಿ ಮಾತ್ರ ಚಪ್ಪಟೆಯಾಗಿ, ಮಕ್ಕಳಿಗೆ ಔಷಧಿ ಕುಡಿಸುವ ಚಮಚದ ಹಾಗೆ ಅಗಲ. ಉತ್ತರದ ತಣ್ಣನೆಯ ನಾಡಿಗೆ ಮರಳುವ ಸಾವಿರಾರು ಹಕ್ಕಿಗಳ ನಡುವೆ ಅಂಥದ್ದೊಂದು ಸಿಕ್ಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಸಿಕ್ಕಿದ ಹಾಗೆ. ಅತ್ತೆ ಬದುಕಿಡೀ ಹುಡುಕಿ ಕಾಣದೆ ಹೋದ ಹಕ್ಕಿ ಅದು. ಆವತ್ತು ಚಿಕ್ಕಾಕೆಯ ಪಕ್ಕದಲ್ಲಿ ಇದ್ದವಳು ದೊಡ್ಡಾಕೆ ಒಬ್ಬಳೇ. ಚಿಕ್ಕಾಕೆ ಬೆರಳು ತೋರಿಸಿದ ಕಡೆಗೆ ಅವಳೂ ದುರ್ಬೀನು ತಿರುಗಿಸಿ ಬಹಳ ಹೊತ್ತು ನೋಡಿದ್ದಳು.

ಸಂಜೆ ಚಹಾದಂಗಡಿಯಲ್ಲಿ ಚಿಕ್ಕಾಕೆ ನಡುಗುವ ದನಿಯಲ್ಲಿ ಹಕ್ಕಿಯ ಹೆಸರು ಹೇಳಿದಳು. ಎಲ್ಲರೂ ದೊಡ್ಡಾಕೆಯ ಮುಖ ನೋಡಿದರು. ದೊಡ್ಡಾಕೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಕಿರುಗೊರವ ಕಂಡೆ, ಅದರ ಕೊಕ್ಕಿಗೆ ಕೆಸರು ಅಂಟಿತ್ತು ಅಂದಳು. ಒಲೆಯ ಮುಂದೆ ನಿಂತು ನಿಂತು ಕೆಲವರ ಕಣ್ಣು ಬೆಂದು ಹೋಗಿರುತ್ತವೆ, ಅವರ ತಪ್ಪಲ್ಲ ಅಂದಳು. ನಗೆ ಎದ್ದಿತು. ಯಾರೋ ಕೆಸರುಕೊಕ್ಕು ಅಂದರು. ಆ ಹೆಸರು ವ್ಯಾನು ಹತ್ತಿ ಊರಿಗೆ ಬಂತು.

ಊರಿಗೆ ಬಂದ ಹೆಸರು ಬೇಕರಿಗೂ ಬಂತು. ಕನ್ನಡಕದಂಗಡಿ ಎದುರು ಬೀದಿಯಲ್ಲೇ ಇತ್ತಲ್ಲ, ಕಣ್ಣು ತೋರಿಸಿಕೊಳ್ಳಲು ಬಂದವರಿಗೆಲ್ಲ ಆ ಕತೆ ಬಿಟ್ಟಿಯಾಗಿ ಸಿಕ್ಕುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ಕೆಸರುಕೊಕ್ಕಿನ ಬನ್ನು ಕೊಡಿ ಎಂದು ಕೇಳಿ ಓಡುವರು. ಬ್ರೆಡ್ಡಿನ ತೂಕದ ವಿಷಯಕ್ಕೆ ಮಾತು ಬಂದಾಗ ಒಬ್ಬಳು ಗಿರಾಕಿ, ನೀವು ಕಂಡದ್ದೆಲ್ಲ ನಿಜ ಅಂತ ಹೇಗಮ್ಮಾ ನಂಬೋದು ಅಂದಿದ್ದಳು. ಆ ದಿನ ಚಿಕ್ಕಾಕೆ ತಟ್ಟೆಯಲ್ಲಿದ್ದ ಬನ್ನುಗಳು ಕರಕಲಾಗುವವರೆಗೂ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. ತನ್ನ ಮಾತಿಗೆ ಬೆಲೆ ಇಲ್ಲವಾದದ್ದು ಅವಳಿಗೆ ಮುಳ್ಳು ಮುರಿದ ಹಾಗೆ ಒಳಗೇ ಉಳಿದಿತ್ತು. ಈ ಸಲ ಆ ಹಕ್ಕಿ ಮತ್ತೆ ಸಿಕ್ಕಬೇಕು, ಎಲ್ಲರ ಕಣ್ಣಿಗೂ ಸಿಕ್ಕಬೇಕು, ಆ ಹೆಸರು ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಇಲ್ಲದಿದ್ದರೆ ಇನ್ನು ಈ ವ್ಯಾನು ಹತ್ತುವುದಿಲ್ಲ ಎಂದು ಗಂಡನ ಮುಂದೆ ಹೇಳಿಯೇ ಬಂದಿದ್ದಳು. ಗಂಡ ಹಿಟ್ಟು ನಾದುತ್ತ, ನಿನ್ನಿಷ್ಟ ಅಂದಿದ್ದ. ಅವನು ಯಾವುದಕ್ಕೂ ಅದನ್ನೇ ಅನ್ನುವವನು.

ಕೆಸರುಬಯಲು ತಲುಪಿದಾಗ ನೀರು ಇಳಿದಿತ್ತು. ಕಣ್ಣು ಹಾಯುವವರೆಗೂ ಒದ್ದೆ ಮಣ್ಣು, ಅದರ ಮೇಲೆ ಚೆಲ್ಲಿದ ಕಾಳಿನಂತೆ ಹಕ್ಕಿಗಳು. ಉದ್ದ ಬಾಗಿದ ಕೊಕ್ಕಿನ ಗೊರವಗಳು ತಲೆ ತಗ್ಗಿಸಿಕೊಂಡು, ಏನೋ ಕಳೆದುಕೊಂಡವರ ಹಾಗೆ ಮಣ್ಣು ಕೆದಕುತ್ತಿದ್ದವು. ಕಡಲಿನ ಅಂಚಿನಲ್ಲಿ ರೀವ ಹಕ್ಕಿಗಳು ಕಿರುಚಿಕೊಂಡು ಮೀನಿಗಾಗಿ ನೀರಿಗೆ ಬೀಳುತ್ತಿದ್ದವು. ಕೆಲವು ಹಕ್ಕಿಗಳಿಗೆ ಆಗಲೇ ಎದೆಯಲ್ಲಿ ಕೆಂಪು ಬಣ್ಣ ಏರುತ್ತಿತ್ತು. ಹೊರಡುವ ಮುಂಚೆ ಹೊಸ ಬಟ್ಟೆ ಹಾಕಿಕೊಂಡ ಹಾಗೆ. ಕಿರುಗೊರವಗಳಂತೂ ಲೆಕ್ಕಕ್ಕೆ ಸಿಗದಷ್ಟು. ಹಿಂಡು ಹಿಂಡಾಗಿ ಓಡುವವು, ಥಟ್ಟನೆ ನಿಲ್ಲುವವು, ಮತ್ತೆ ಓಡುವವು.

ಹಲ್ಲಿನ ಡಾಕ್ಟರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ತಮ್ಮ ಟೆಲಿಸ್ಕೋಪು ನಿಲ್ಲಿಸಿದರು. ಗುಂಪಿನಲ್ಲಿ ಅಂಥದ್ದು ಅವರ ಬಳಿ ಮಾತ್ರ ಇತ್ತು. ಗಂಟಲಿನ ಒಳಗೆ ನೋಡಿ ನೋಡಿ ಬೇಸತ್ತು ದೂರದ್ದನ್ನು ನೋಡಲು ಕೊಂಡೆ ಎಂದು ಪ್ರತಿ ವರ್ಷವೂ ಅದೇ ನಗೆಮಾತು ಹೇಳುವರು. ದೊಡ್ಡಾಕೆ ಅದರ ಪಕ್ಕದಲ್ಲೇ ಠಿಕಾಣಿ ಹೂಡಿದಳು. ಚಿಕ್ಕಾಕೆ ಒಂದಿಷ್ಟು ದೂರದಲ್ಲಿ, ಮುರಿದ ದೋಣಿಯ ಹಲಗೆಯ ಮೇಲೆ ಕೂತು, ಮಂಜು ಇಲ್ಲದ ಬಲಗಣ್ಣಿನಲ್ಲಿ ಒಂದೊಂದೇ ಕೊಕ್ಕು ನೋಡುತ್ತ ಹೋದಳು. ಸಣ್ಣ ಕೊಕ್ಕು, ಸಣ್ಣ ಕೊಕ್ಕು, ಸಣ್ಣ ಕೊಕ್ಕು. ಕತ್ತು ನೋಯತೊಡಗಿತು. ನೀರು ಏರತೊಡಗಿತು. ಹಕ್ಕಿಗಳು ದಂಡೆಯ ಕಡೆಗೆ ಸರಿಯತೊಡಗಿದವು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಉಳಿದವರೆಲ್ಲ ವ್ಯಾನಿನ ನೆರಳಿಗೆ ಚಹಾ ಕುಡಿಯಲು ಹೋದರು. ವ್ಯಾನು ಮರಳಿನ ದಿಬ್ಬದ ಆಚೆ ಇತ್ತು. ಟೆಲಿಸ್ಕೋಪು ನೋಡಿಕೊಳ್ಳುತ್ತೇನೆ ಎಂದು ದೊಡ್ಡಾಕೆ ಅಲ್ಲೇ ಉಳಿದಳು. ಅವಳು ಉಳಿದದ್ದಕ್ಕೇ ಚಿಕ್ಕಾಕೆಯೂ ಏಳಲಿಲ್ಲ. ಅವಳಿಗಿಂತ ಮೊದಲು ಎದ್ದರೆ ಸೋತ ಹಾಗೆ ಅನ್ನಿಸಿತು.

ಆಗ ದೊಡ್ಡಾಕೆಯ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು. ಬಿಸಿ ಪಾತ್ರೆ ಮುಟ್ಟಿದವರು ಮಾಡುವಂಥ ಸದ್ದು. ಟೆಲಿಸ್ಕೋಪಿನಿಂದ ಕಣ್ಣು ತೆಗೆದಳು, ಕನ್ನಡಕ ಒರೆಸಿದಳು, ಮತ್ತೆ ಕಣ್ಣಿಟ್ಟಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು, ಆ ವಯಸ್ಸಿನಲ್ಲಿ ಯಾರೂ ಓಡದ ಹಾಗೆ, ದಿಬ್ಬದ ಕಡೆಗೆ ಓಡಿದಳು. "ಚಮಚದ ಹಕ್ಕಿ, ಬನ್ನಿ, ಚಮಚದ ಹಕ್ಕಿ" ಎಂದು ಕೂಗುತ್ತಿದ್ದಳು.

ಚಿಕ್ಕಾಕೆ ಹೋಗಿ ಟೆಲಿಸ್ಕೋಪಿಗೆ ಕಣ್ಣಿಟ್ಟಳು. ದೊಡ್ಡಾಕೆ ಅದನ್ನು ಇಟ್ಟಲ್ಲೇ ಬಿಟ್ಟು ಹೋಗಿದ್ದಳು; ನಡುವಿನಲ್ಲೇ ಹಕ್ಕಿ ನಿಂತಿತ್ತು. ಬೂದು ಬೆನ್ನು, ಬಿಳಿ ಹೊಟ್ಟೆ. ಕೊಕ್ಕಿನ ತುದಿಯಲ್ಲಿ ಚಪ್ಪಟೆಯಾದ ಅಗಲ. ಅನುಮಾನವೇ ಇಲ್ಲ, ಅದೇ ಚಮಚ. ಅವಳ ಕಣ್ಣಲ್ಲಿ ನೀರು ಬಂತು. ನಾನು ಕಂಡದ್ದು ನಿಜ, ನಿಜ, ಎಂದು ಒಳಗೇ ಅಂದುಕೊಂಡಳು.

ಹಕ್ಕಿ ಒಂದು ಸಣ್ಣ ನೀರಿನ ಗುಂಡಿಯ ಬಳಿ ಹೋಯಿತು. ಕೊಕ್ಕನ್ನು ನೀರಿಗೆ ಅದ್ದಿ ತಲೆ ಕೊಡವಿತು. ಒಂದು ಪಕ್ಕ ಕಲ್ಲಿಗೆ ಉಜ್ಜಿತು, ಇನ್ನೊಂದು ಪಕ್ಕ ಉಜ್ಜಿತು, ಊಟವಾದ ಮೇಲೆ ಮಗು ಮೂತಿ ಒರೆಸಿಕೊಂಡ ಹಾಗೆ. ಚಮಚ ಕಳಚಿ ನೀರಿಗೆ ಬಿತ್ತು. ಉಳಿದದ್ದು ಎಲ್ಲ ಕಿರುಗೊರವಗಳದ್ದರಂತೆ ಒಂದು ಸಣ್ಣ, ಕಪ್ಪು, ಸೂಜಿಯಂಥ ಕೊಕ್ಕು.

ಅವಳು ಟೆಲಿಸ್ಕೋಪಿನಿಂದ ಕಣ್ಣು ತೆಗೆಯುವ ಮೊದಲೇ ಮೇಲೆ ಹಕ್ಕಿ ಬೇಟೆಯಾಡುವ ಡೇಗೆಯೊಂದರ ನೆರಳು ಹಾದುಹೋಯಿತು. ಬಯಲಿಗೆ ಬಯಲೇ ಎದ್ದಿತು. ಸಾವಿರ ರೆಕ್ಕೆಗಳು ಒಟ್ಟಿಗೆ ತಿರುಗಿ ಬೆಳ್ಳಗೆ ಮಿನುಗಿ, ಮತ್ತೊಮ್ಮೆ ತಿರುಗಿ ಕಪ್ಪಾಗಿ, ಕಡಲಿನ ಆಚೆಗೆ ಹೋದವು. ದಿಬ್ಬ ಇಳಿದು ಬಂದವರಿಗೆ ಖಾಲಿ ಕೆಸರು ಮಾತ್ರ ಕಂಡಿತು. ಕೈಯಲ್ಲಿ ಚಹಾದ ಲೋಟ ಹಿಡಿದೇ ಬಂದ ಡಾಕ್ಟರು ಎಲ್ಲಿ, ಎಲ್ಲಿ ಅಂದರು. ದೊಡ್ಡಾಕೆ ಏದುಸಿರು ಬಿಡುತ್ತ ಆಕಾಶದ ಕಡೆ ಕೈ ತೋರಿಸಿದಳು. ಆಮೇಲೆ ಅವಳ ದೃಷ್ಟಿ ಟೆಲಿಸ್ಕೋಪಿನ ಬಳಿ ನಿಂತಿದ್ದ ಚಿಕ್ಕಾಕೆಯ ಮೇಲೆ ಬಿತ್ತು, ಅಲ್ಲೇ ನಿಂತಿತು.

ಹಗಲು ಯಾರೂ ಕೇಳುವಂತಿಲ್ಲ, ಏನಿದ್ದರೂ ಸಂಜೆಗೇ. ಅದೂ ಕಟ್ಟಳೆ. ಎಲ್ಲರೂ ಪಿಸುಗುಡುತ್ತ ವ್ಯಾನು ಹತ್ತಿದರು. ಅವತ್ತು ಮೊದಲ ಬಾರಿಗೆ ದೊಡ್ಡಾಕೆ ಮುಂದಿನ ಸೀಟು ಬಿಟ್ಟು ಹಿಂದಕ್ಕೆ ಬಂದು, ಸ್ಟೆಪ್ನಿ ಟೈರಿನ ಮೇಲೆ ಒಂದು ಟವೆಲು ಹಾಸಿ, ಚಿಕ್ಕಾಕೆಯ ಮೊಣಕೈಗೆ ಮೊಣಕೈ ತಾಗುವ ಹಾಗೆ ಕೂತಳು. ಅಂಚೆಯಣ್ಣ ಒಮ್ಮೆ ತಿರುಗಿ ನೋಡಿ, ಏನನ್ನೂ ಕಾಣದವನಂತೆ ಕಣ್ಣು ಮುಚ್ಚಿಕೊಂಡ.

ವ್ಯಾನು ಕುಲುಕಾಡುತ್ತ ಸಾಗಿತು. ಬಹಳ ಹೊತ್ತಿನ ಮೇಲೆ ದೊಡ್ಡಾಕೆ ಮುಂದೆ ನೋಡುತ್ತಲೇ ಮಾತಾಡಿದಳು. ಗೋಡೆ ಎದ್ದ ಮೇಲೆ ಅವಳು ನೇರವಾಗಿ ಆಡಿದ ಮೊದಲ ಮಾತು.

"ನೀನೂ ನೋಡಿದೆಯಲ್ಲ."

"ನೋಡ್ದೆ."

"ಮತ್ತೆ ಸಂಜೆ ಹೇಳು."

ಚಿಕ್ಕಾಕೆ ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವು ಆ ಕಡೆ ಓಡಿದ ಮೇಲೆ ಅದು ಮೂತಿ ತೊಳ್ಕೊಂಡಿತು, ಅಕ್ಕಾ. ಕೆಸರು ಉದುರಿ ಬಿತ್ತು. ಬರೀ ಕಿರುಗೊರವ."

ದೊಡ್ಡಾಕೆಯ ಕೆನ್ನೆಯಲ್ಲಿ ಒಂದು ನರ ಎದ್ದು ಅಡಗಿತು. ನಂಬಲಿಲ್ಲ ಅನ್ನುವ ಹಾಗೂ ಇರಲಿಲ್ಲ. ನಂಬಿದಳು, ನಂಬಿದ ಮೇಲೆ ಯೋಚಿಸಿದಳು. ಅದು ಚಿಕ್ಕಾಕೆಗೆ ಸ್ಪಷ್ಟವಾಗಿ ಕಾಣಿಸಿತು.

"ತೊಳ್ಕೊಂಡಿದ್ದನ್ನ ನೋಡಿದವಳು ನೀನೊಬ್ಬಳೇ," ಅಂದಳು ಕಡೆಗೆ. "ಒಂಟಿಕಣ್ಣು. ಚಮಚ ನೋಡಿದ್ದು ಇಬ್ಬರೂ."

"ಅಂದ್ರೆ?"

"ಅಂದ್ರೆ ನೀನು ನನ್ನ ಹಕ್ಕಿಗೆ ನಾನೂ ಕಂಡೆ ಅನ್ನು. ಅವತ್ತಿನ ನಿನ್ನ ಹಕ್ಕಿಗೆ ನಾನೂ ಕಂಡೆ ಅಂತ ಎಲ್ಲರ ಮುಂದೆ ನಾನು ಅಂತೀನಿ. ನಿನ್ನ ಹೆಸರು ನಿಂಗೆ ವಾಪಸು ಬರತ್ತೆ. ಇನ್ನೇನು ಬೇಕು?"

ಚಿಕ್ಕಾಕೆ ಈ ಮಾತಿಗಾಗಿಯೇ ಇಷ್ಟು ವರ್ಷ ಕಾದಿದ್ದಳು. ಒಲೆಯ ಮುಂದೆ ನಿಂತು, ಮಹಡಿಯಲ್ಲಿ ಬಟ್ಟೆ ಹಿಂಡುತ್ತ, ದೊಡ್ಡಾಕೆ ಹೀಗೆ ಬಂದು ಹೀಗೆ ಹೇಳಿದಂತೆ ಎಷ್ಟು ಸಲ ಮನಸ್ಸಿನಲ್ಲೇ ಆಡಿಕೊಂಡಿದ್ದಳೋ. ಈಗ ಅದು ಪಕ್ಕದಲ್ಲೇ ಬಂದು ಕೂತಿತ್ತು, ತಗೋ ಅನ್ನುತ್ತಿತ್ತು.

"ಒಂದು ಕೇಳ್ತೀನಿ, ಅಕ್ಕಾ. ಅವತ್ತು ನಿಮಗೆ ಕಂಡಿದ್ದು ಏನು? ನಿಜವಾಗಿ?"

ದೊಡ್ಡಾಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಉಪ್ಪಿನ ಗದ್ದೆಗಳು ಓಡುತ್ತಿದ್ದವು. "ಅವತ್ತಿನ ಮಾತು ಈಗ ಯಾಕೆ? ಹೇಳ್ತೀನಿ ಅಂದ್ನಲ್ಲ, ಸಾಲದಾ?" ಅಂದಳು. ಆಮೇಲೆ, ಎದ್ದು ಹೋಗುವ ಮುನ್ನ, ಟವೆಲು ಮಡಚುತ್ತ, "ಬೇಕಿದ್ರೆ ಇಲ್ಲ ಅಂತಾನೂ ಅನ್ನು. ಹೊಟ್ಟೆಕಿಚ್ಚಿಗೆ ಅಂದ್ಲು ಅಂತ ಊರೇ ಹೇಳತ್ತೆ. ನಾನು ಬಾಯಿ ಬಿಡೋದೂ ಬೇಡ," ಅಂದಳು.

ಅವಳು ಮುಂದಕ್ಕೆ ಹೋದ ಮೇಲೆ ಚಿಕ್ಕಾಕೆಗೆ ಹೊಸದೊಂದು ಭಯ ಹುಟ್ಟಿತು. ಅವತ್ತಿನ ತನ್ನ ಹಕ್ಕಿಯನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು. ಅದು ಕೊಕ್ಕನ್ನು ಪಕ್ಕಕ್ಕೂ ಪಕ್ಕಕ್ಕೂ ಆಡಿಸುತ್ತ, ನೆಲ ಗುಡಿಸುವ ಹಾಗೆ ಮೇಯುತ್ತಿತ್ತು ಎಂದು ಎಲ್ಲರಿಗೂ ಹೇಳಿದ್ದಳು. ಚಮಚದ ಹಕ್ಕಿ ಮೇಯುವುದು ಹಾಗೆಯೇ. ಆದರೆ ಅದು ಆವತ್ತು ಕಂಡದ್ದೋ, ಆಮೇಲೆ ಯಾರೋ ಹೇಳಿದ್ದು ಕೇಳಿ ಸೇರಿಕೊಂಡದ್ದೋ? ಹೇಳಿ ಹೇಳಿ ನೆನಪಿಗೇ ಮೆರುಗು ಬಂದುಬಿಟ್ಟಿತ್ತು. ಅದರಡಿ ಏನಿತ್ತು ಎಂದು ಕೆರೆದು ನೋಡಲು ಆಗುತ್ತಿರಲಿಲ್ಲ. ಇವತ್ತಿನ ಕೆಸರು ಚಮಚಕ್ಕಿಂತ ಚಮಚವಾಗಿತ್ತು. ಟೆಲಿಸ್ಕೋಪಿನಲ್ಲಿ ನೋಡಿ, ಅನುಮಾನವೇ ಇಲ್ಲ ಅಂದುಕೊಂಡು ಅತ್ತಿದ್ದಳು. ಅವತ್ತು ಕೈಯಲ್ಲಿದ್ದದ್ದು ಎಡಗಣ್ಣು ಮಂಜಾದ ಅಗ್ಗದ ದುರ್ಬೀನು. ಕೆಸರುಕೊಕ್ಕು ಎಂದು ನಕ್ಕವರು ಸುಮ್ಮನೆ ನಕ್ಕಿರಲಿಕ್ಕಿಲ್ಲವೇನೋ. ಈ ಯೋಚನೆ ಬಂದದ್ದೇ ಅವಳಿಗೆ ದೊಡ್ಡಾಕೆಯ ಮೇಲೆ ಇದ್ದ ಸಿಟ್ಟು ಇಮ್ಮಡಿಯಾಯಿತು. ಇದ್ದ ಒಂದು ನಂಬಿಕೆಯನ್ನೂ ಇವಳ ಓಟ, ಇವಳ ಕೂಗು ಬಂದು ಕಲಕಿಹಾಕಿತಲ್ಲ.

ಚಹಾದಂಗಡಿ ಕಡಲದಾರಿಯ ತಿರುವಿನಲ್ಲಿತ್ತು. ಇಳಿಬಿಸಿಲು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬಿದ್ದಿತ್ತು. ಎಲ್ಲರೂ ಸುತ್ತ ಕೂತರು. ಅಂಚೆಯಣ್ಣ ಚಹಾ ಮುಗಿಸಿ, ಲೋಟ ಕಾಲ ಬಳಿ ಇಟ್ಟು, ಶುರು ಮಾಡಿ ಅಂದ. ಗೊರವ ಅಂದರು ಒಬ್ಬರು. ನಾನೂ ಕಂಡೆ, ನಾನೂ ಕಂಡೆ. ರೀವ ಅಂದರು. ನಾನೂ ಕಂಡೆ. ಡಾಕ್ಟರು ಡೇಗೆ ಅಂದರು. ಅದನ್ನು ಕಂಡವರು ಬೈದುಕೊಂಡೇ ನಾನೂ ಕಂಡೆ ಅಂದರು. ಸರದಿ ಸುತ್ತಿಕೊಂಡು ದೊಡ್ಡಾಕೆಯ ಬಳಿ ಬಂತು.

"ಚಮಚದ ಹಕ್ಕಿ," ಅಂದಳು ದೊಡ್ಡಾಕೆ. ಅತ್ತೆಯ ದುರ್ಬೀನನ್ನು ಮಡಿಲಿನಲ್ಲಿ ಮಗುವಿನ ಹಾಗೆ ಹಿಡಿದುಕೊಂಡಿದ್ದಳು.

ಅಂಚೆಯಣ್ಣ ನೆಲ ನೋಡಿದ. ಅವನಿಗೂ ಅತ್ತೆಯ ನೆನಪು ಬಂದಿರಬೇಕು. ಆಮೇಲೆ ಎಲ್ಲರ ಮುಖಗಳೂ ಒಂದೊಂದಾಗಿ ಚಿಕ್ಕಾಕೆಯ ಕಡೆಗೆ ತಿರುಗಿದವು.

ಚಿಕ್ಕಾಕೆಗೆ ಆ ಗಳಿಗೆಯಲ್ಲಿ ಒಳ್ಳೆಯತನದ ಯೋಚನೆ ಯಾವುದೂ ಬರಲಿಲ್ಲ. ಬಂದದ್ದು ಹಜಾರದ ಗೋಡೆ, ಅದರ ತಲೆಯ ಮೇಲಿನ ಫ್ಯಾನು. ಹೂಂ ಅಂದರೆ ಇವಳ ಜತೆ ಒಂದು ಸುಳ್ಳನ್ನು ಸಾಯುವವರೆಗೂ ಹಂಚಿಕೊಂಡು ಬಾಳಬೇಕು. ಅತ್ತಲಾಗೂ ಸೇರದೆ ಇತ್ತಲಾಗೂ ಸೇರದೆ ಅದು ಇಬ್ಬರ ನಡುವೆ ತೂಗಾಡಿಕೊಂಡೇ ಇರುತ್ತದೆ. ಎದುರು ಅಂಗಡಿಯಲ್ಲಿ ಕೂತು ಇವಳು ತನ್ನನ್ನು ನೋಡಿದಾಗಲೆಲ್ಲ, ನಿನ್ನ ಹೆಸರು ನನ್ನ ಕೈಲಿದೆ ಎಂದು ನೋಡುತ್ತಾಳೆ. ಕೆಸರುಕೊಕ್ಕು ಅನ್ನಿಸಿಕೊಂಡಾದರೂ ಬದುಕಬಹುದು, ಇವಳ ಪಾಲುಗಾರ್ತಿ ಆಗಿ ಬದುಕಲಾಗದು.

"ನಾನೂ ಕಂಡೆ," ಅಂದಳು.

ದೊಡ್ಡಾಕೆಯ ಕಣ್ಣು ಅರೆಗಳಿಗೆ ಮುಚ್ಚಿಕೊಂಡಿತು. ಸುತ್ತ ಕೂತವರಲ್ಲಿ ಒಂದು ಗುಜುಗುಜು ಎದ್ದಿತು.

"ಕೆಸರು ಮೆತ್ತಿದ ಕೊಕ್ಕು ಕಂಡೆ," ಅಂದಳು ಚಿಕ್ಕಾಕೆ. "ಥೇಟ್ ಚಮಚ. ಇವರು ಮೋಸ ಹೋಗಿದ್ದು ತಪ್ಪಲ್ಲ, ನಾನೂ ಹೋದೆ. ಆಮೇಲೆ ಅದು ಗುಂಡಿಯಲ್ಲಿ ತೊಳ್ಕೊಂಡಿದ್ದೂ ಕಂಡೆ. ಉಳಿದಿದ್ದು ಕಿರುಗೊರವ."

ಗುಜುಗುಜು ನಿಂತಿತು. ದೊಡ್ಡಾಕೆ ಎದ್ದು ನಿಂತಳು. ದನಿ ಏರಿಸಲಿಲ್ಲ; ಅವಳು ದನಿ ಏರಿಸುವವಳಲ್ಲ. "ನೋಡಿ, ಹೊಟ್ಟೆಯೊಳಗೆ ಇಟ್ಕೊಂಡು ಕಾದಿದ್ಲು. ಸೇಡು ತೀರಿಸ್ಕೊಂಡ್ಲು," ಅಂದಳು. ಆಮೇಲೆ ಚಿಕ್ಕಾಕೆಯ ಕಡೆಗೆ ತಿರುಗಿ, "ಇವತ್ತಿಂದು ಕೆಸರಾದ್ರೆ ಅವತ್ತಿನ ನಿಂದೂ ಕೆಸರೇ. ಒಪ್ಕೋ ಹಾಗಾದ್ರೆ," ಅಂದಳು.

ಆ ಹಕ್ಕಿ ಎಷ್ಟು ವರ್ಷ ಚಿಕ್ಕಾಕೆಯ ಜತೆ ಇತ್ತು. ಗಂಡನೂ ಇಲ್ಲದ, ಮಕ್ಕಳೂ ಇಲ್ಲದ, ತನ್ನದೇ ಆದ ಒಂದು ಮೂಲೆಯಲ್ಲಿ ಅದು ಕೊಕ್ಕು ಆಡಿಸುತ್ತ ಮೇಯುತ್ತಿತ್ತು.

"ಇರಬಹುದು," ಅಂದಳು. "ಇವತ್ತಿಂದು ನೋಡಿದ ಮೇಲೆ, ನಂದೂ ಕೆಸರೇ ಇರಬಹುದು ಅನ್ನಿಸ್ತಿದೆ."

ಅಂಚೆಯಣ್ಣ ಕಾಲ ಬಳಿಯ ಲೋಟ ಎತ್ತಿ, ಖಾಲಿ ಎಂದು ಕಂಡು, ಮತ್ತೆ ಇಟ್ಟ. "ತನ್ನ ಹಕ್ಕಿನೇ ಬಿಟ್ಟುಕೊಟ್ಟಳಲ್ಲ. ಸುಳ್ಳು ಹೇಳೋಳು ಹಾಗೆ ಮಾಡಲ್ಲ," ಎಂದು ಯಾರಿಗೋ ಹೇಳುವಂತೆ ಹೇಳಿದ. "ಕಿರುಗೊರವ. ಮುಂದಿನವರು ಹೇಳಿ."

ಮುಂದಿನವರು ಹೇಳುವ ಮುಂಚೆ ಡಾಕ್ಟರು ಬಾಯಿ ಹಾಕಿದರು. ಬಿಗಿದ ಹವೆಯನ್ನು ಸಡಿಲ ಮಾಡಲೆಂದೇ ಇರಬೇಕು, ನಗುತ್ತ, ಹಾಗಿದ್ದರೆ ಆ ಬಿರುದು ಇವತ್ತಿನಿಂದ ದೊಡ್ಡಮ್ಮನವರಿಗೆ ಹೋಯಿತು, ಕನ್ನಡಕದಂಗಡಿಯ ಬೋರ್ಡಿನ ಮೇಲೆ ಕೆಸರುಕೊಕ್ಕು ಅಂತ ಬರೆಸಬೇಕು ಅಂದರು. ಕೆಲವರು ನಕ್ಕರು. ಅದೇ ನಗೆ. ಚಿಕ್ಕಾಕೆಗೆ ಅದರ ರುಚಿ ಗೊತ್ತಿತ್ತು. ದೊಡ್ಡಾಕೆಯ ಮುಖ ಬಿಳಿಚಿಕೊಂಡಿತು. ಕನ್ನಡಕ ತೆಗೆದಳು, ಒರೆಸಲು ಸೆರಗು ಸಿಗದವಳ ಹಾಗೆ ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಳು. ಕನ್ನಡಕವಿಲ್ಲದ ಅವಳ ಕಣ್ಣುಗಳು ಬಹಳ ಸಣ್ಣವಾಗಿದ್ದವು.

"ಡಾಕ್ಟ್ರೇ, ಆ ಹೆಸರು ನಂದು," ಅಂದಳು ಚಿಕ್ಕಾಕೆ.

ನಗೆ ಅರ್ಧಕ್ಕೆ ನಿಂತಿತು.

"ಮನೆ ಪಾಲಾದಾಗ ಬೀದಿ ಕಡೆ ಕೋಣೆ ಇವರಿಗೆ ಹೋಯ್ತು. ಬಾವಿ ಇವರ ಕಡೆ ಹೋಯ್ತು. ಅತ್ತೆ ದುರ್ಬೀನು ಹೋಯ್ತು. ನಂಗೆ ಅಂತ ಉಳಿದಿರೋದು ಇದೊಂದು ಹೆಸರು. ಇದನ್ನೂ ಇವರಿಗೆ ಕೊಡಲ್ಲ. ಯಾರಾದ್ರೂ ಇವರನ್ನ ಹಾಗೆ ಕರೀಬೇಕಂದ್ರೆ ಮೊದಲು ನನ್ನ ಹತ್ತಿರ ಕೇಳಬೇಕು."

ಅವಳು ಅದನ್ನು ನಗಿಸಲು ಹೇಳಿರಲಿಲ್ಲ, ಕರುಣೆಯಿಂದಲೂ ಹೇಳಿರಲಿಲ್ಲ. ಹಾಗಾಗಿ ಯಾರೂ ನಗಲಿಲ್ಲ. ಡಾಕ್ಟರು ಟೆಲಿಸ್ಕೋಪಿನ ಸ್ಟ್ಯಾಂಡು ಮಡಚಲು ಎದ್ದರು. ದೊಡ್ಡಾಕೆ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದಳು. ಆ ನೋಟದಲ್ಲಿ ಋಣವಿರಲಿಲ್ಲ. ಇದನ್ನು ಮರೆಯುವುದಿಲ್ಲ ಎಂಬುದಷ್ಟೇ ಇತ್ತು. ಚಿಕ್ಕಾಕೆಯೂ ಹಾಗೇ ನೋಡಿದಳು.

ವ್ಯಾನು ಊರಿನ ಕಡೆ ತಿರುಗಿತು. ದೊಡ್ಡಾಕೆ ಡ್ರೈವರನ ಪಕ್ಕದಲ್ಲಿ, ಚಿಕ್ಕಾಕೆ ಸ್ಟೆಪ್ನಿ ಟೈರಿನ ಪಕ್ಕದಲ್ಲಿ. ಎಡಗಡೆ ಕಡಲು ಇನ್ನೂ ಕಾಣುತ್ತಿತ್ತು. ಅದರ ಮೇಲೆ ಹಕ್ಕಿಗಳ ಒಂದು ಸಾಲು ಕಪ್ಪು ದಾರದಂತೆ ಉತ್ತರಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಅಷ್ಟು ದೂರದಿಂದ ಯಾವುದರ ಕೊಕ್ಕೂ ಕಾಣುತ್ತಿರಲಿಲ್ಲ. ಮುಂದಿನ ವರ್ಷ ಈ ವ್ಯಾನು ಹತ್ತುವುದು ಖಂಡಿತ ಎಂದು ಚಿಕ್ಕಾಕೆಗೆ ಯಾಕೋ ಅನ್ನಿಸಿತು. ಒಳ್ಳೆಯ ದುರ್ಬೀನು ಹುಡುಕಬೇಕು ಅಂದುಕೊಂಡಳು.

"ಅಂಚೆಯಣ್ಣಾ," ಮುಂದಿನ ಸೀಟಿನಿಂದ ದನಿ ಬಂತು, ಎಂದಿನ ದನಿ. "ಹಿಂದೆ ಕೂತವರಿಗೆ ಕಿಟಕಿ ಮುಚ್ಚೋಕೆ ಹೇಳಿ. ಚಳಿ ಆಗ್ತಿದೆ."

ಅಂಚೆಯಣ್ಣ ಹಿಂದಕ್ಕೆ ತಿರುಗಿ, ಏನು ಮಾಡಲಿ ಎಂಬಂತೆ ಅವಳ ಮುಖ ನೋಡಿದ.

ಚಿಕ್ಕಾಕೆ ಎರಡೂ ಕೈಯಲ್ಲಿ ಹ್ಯಾಂಡಲು ಹಿಡಿದು, ಅರ್ಧ ತೆರೆದಿದ್ದ ಕಿಟಕಿಯನ್ನು ಪೂರ್ತಿ ತೆರೆದಳು.